ಯಾರೂ ಎದ್ದು ಹೋಗಲಿಲ್ಲ

ಸ್ಕೆಂದರ್ ಅವರ ಪುಸ್ತಕದಿಂದ ಒಂದು ಪುಟವನ್ನು ನಾನು ತೆಗೆದುಹಾಕಿದೆ. ಅಷ್ಟೇ ಅಲ್ಲ — ಆ ಪುಟ ಎಲ್ಲಿದೆ ಎಂದು ಅವರು ಕೇಳಿದಾಗ ಬೇರೊಂದು ಪುಟದ ಮೇಲೆ ಬೆರಳಿಟ್ಟು ‘ಇಲ್ಲಿದೆ’ ಎಂದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಅವರು ಅಲ್ಬೇನಿಯಾದ ಕವಿ, ಕಾದಂಬರಿಕಾರ. ತಮ್ಮ ದೇಶದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿದ್ದ ಹೆಸರು. ಇಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ನಗರಸಭೆಯ ಬಾಡಿಗೆ ಫ್ಲಾಟೊಂದರ ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಮುದುಕರು. ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಊರು ಬಳ್ಳಾರಿ, ಮನೆಯ ಮಾತು ದಖನಿ, ಓದು ಬರಹ ಕನ್ನಡ. ಒಂದು ಸಂಜೆ ಟ್ರಾಮ್ ಕಾಯುತ್ತ ಅಮ್ಮಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ದುಕಾನು, ಸಾಬೂನು, ಪರದೆ — ಮನೆಗೆ ತರಬೇಕಾದ ಸಾಮಾನಿನ ಮಾತು. ಪಕ್ಕದಲ್ಲಿ ನಿಂತಿದ್ದ ಮುದುಕರು ತಿರುಗಿ, “ಇವೆಲ್ಲ ನಮ್ಮ ಮಾತುಗಳು. ಎಲ್ಲಿಂದ ಕದ್ದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನೀವು ಕದ್ದ ಮನೆಯಿಂದಲೇ” ಎಂದೆ. ಜೋರಾಗಿ ನಕ್ಕರು. ಪಾರಸಿ, ಅರಬ್ಬಿಯ ಈ ಮಾತುಗಳು ದಖನಿಗೆ ಬಂದಂತೆಯೇ ತುರ್ಕರ ಕಾಲದಲ್ಲಿ ಅವರ ಭಾಷೆಗೂ ಹೋಗಿದ್ದವು. ಸ್ನೇಹ ಶುರುವಾದದ್ದು ಹೀಗೆ.

ತಮ್ಮ ಬದುಕು, ಬರಹಗಳ ಬಗ್ಗೆ ಅವರು ಕೊನೆಯ ಪುಸ್ತಕ ಬರೆಯುತ್ತಿದ್ದರು. ಅದನ್ನು ಕನ್ನಡಕ್ಕೆ ತರುತ್ತೇನೆಂದು ನಾನೇ ಒಪ್ಪಿಕೊಂಡೆ. ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಗುರುವಾರದ ಸಂಜೆ ಬಿಡುವು ಮಾಡಿಕೊಂಡು ಎರಡು ವರ್ಷ ಅವರ ಮನೆಗೆ ಹೋದೆ. ಅವರು ಮೊದಲು ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು, ನನಗೆ ಲಯ ಸಿಗಲೆಂದು. ಆಮೇಲೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನಾನು ಬರೆದದ್ದನ್ನು ಓದಿದರೆ ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳು ತಟ್ಟುತ್ತ ಕೇಳುತ್ತಿದ್ದರು. ಒಂದು ವಾಕ್ಯ ಬಿಟ್ಟರೂ ಬೆರಳು ನಿಲ್ಲುತ್ತಿತ್ತು. “ಚಿಕ್ಕದಾಯಿತು. ಏನೋ ನುಂಗಿದ್ದೀಯ.” ಪ್ರತಿ ಸಲವೂ ಅವರು ಹೇಳಿದ್ದು ನಿಜವಾಗಿರುತ್ತಿತ್ತು.

ಎಲ್ಲ ಮುಗಿದ ಮೇಲೆ ಒಂದು ಗುರುವಾರ ಹೊಸದೊಂದು ಹಾಳೆ ತೆಗೆದರು. ಯೌವನದಲ್ಲಿ ಸರ್ಕಾರಿ ಪ್ರಕಾಶನದಲ್ಲಿದ್ದಾಗ, ಬಾಲ್ಯದ ಗೆಳೆಯ ಲುವಾನ್‌ನ ಕವಿತೆಗಳ ಮೇಲೆ ಅವರೊಂದು ವರದಿ ಬರೆದಿದ್ದರು. ಆ ವರದಿಯಿಂದ ಲುವಾನ್ ಸೆರೆಗೆ ಹೋದ. ಇಷ್ಟನ್ನು ಅವರು ಯಾರಿಗೂ ಹೇಳಿರಲಿಲ್ಲ.

“ನನ್ನ ಭಾಷೆಯಲ್ಲಿ ಬರೆದರೆ ನನ್ನ ಹೆಸರು ನೋಡಿ ಕ್ಷಮಿಸಿಬಿಡುತ್ತಾರೆ” ಎಂದರು. “ನಿನ್ನ ಜನಕ್ಕೆ ನಾನು ಯಾರೂ ಅಲ್ಲ. ಅವರು ಸರಿಯಾಗಿ ಓದುತ್ತಾರೆ.”

ಅದರಲ್ಲಿ ಅಳುಕೂ ಇತ್ತೇನೋ — ದೂರದ ಲಿಪಿಯೊಂದರಲ್ಲಿ ಅಡಗಿಕೊಂಡು ಸತ್ಯ ಹೇಳುವ ಅಳುಕು. ಅದನ್ನು ತೂಗುವ ಯೋಗ್ಯತೆ ನನಗಿಲ್ಲ. ನಾನು ಆ ಪುಟವನ್ನೂ ಕನ್ನಡಕ್ಕೆ ತಂದೆ, ಓದಿ ಕೇಳಿಸಿದೆ. ಬೆರಳು ಎಲ್ಲೂ ನಿಲ್ಲಲಿಲ್ಲ.

ನಂತರ ಧಾರವಾಡದ ಪ್ರಕಾಶಕರು ಫೋನ್ ಮಾಡಿದರು. “ಅಕ್ಕಾರ, ನಿಮ್ಮ ಕವಿಗಳು ಜೈಲಿನಾಗ ಇದ್ದರೇನ್ರಿ? ಇದ್ರ ಹೇಳ್ರಿ, ಹಿಂದಿನ ರಕ್ಷಾಪುಟಕ್ಕ ಹಾಕೋಣು.”

‘ಇಲ್ಲ’ ಎನ್ನಬೇಕಿತ್ತು. “ಆ ಕಾಲದಾಗ ಭಾಳ ಅನುಭವಿಸ್ಯಾರ್ರಿ” ಎಂದೆ.

“ಹಂಗಾದ್ರ ಆತು ಬಿಡ್ರಿ.”

ರಕ್ಷಾಪುಟದ ಕರಡಿನಲ್ಲಿ ‘ಸೆರೆವಾಸ ಕಂಡ ಕವಿ’ ಎಂದು ಬಂತು. ಆ ಕೊನೆಯ ಪುಟವನ್ನು ನಾನಿನ್ನೂ ಪ್ರಕಾಶಕರಿಗೆ ಕಳಿಸಿರಲಿಲ್ಲ. ಆ ಸಾಲೂ ಆ ಪುಟವೂ ಒಂದೇ ಪುಸ್ತಕದಲ್ಲಿ ಇರುವಂತಿರಲಿಲ್ಲ. ಸಾಲನ್ನು ತೆಗೆಯಬಹುದಿತ್ತು. ಪುಟವನ್ನು ತೆಗೆದೆ. ಪ್ರಕಾಶಕರು ಆ ಪುಟವನ್ನು ನೋಡಲೇ ಇಲ್ಲ; ಇದರಲ್ಲಿ ಅವರ ಪಾಲು ಇಲ್ಲ. ಕನ್ನಡದವರು ಸ್ಕೆಂದರ್ ಅವರನ್ನು ಮೆಚ್ಚಲಿ ಎಂದುಕೊಂಡೆ. ಅಂಥವರನ್ನು ಕನ್ನಡಕ್ಕೆ ತಂದ ನನ್ನನ್ನೂ — ಹೌದು, ಅದೂ ಇತ್ತು.

ಪುಸ್ತಕ ಬಂದ ಮೇಲೆ ಇಲ್ಲಿಯ ಗ್ರಂಥಾಲಯದ ಒಂದು ಕೋಣೆಯಲ್ಲಿ ಇಪ್ಪತ್ತೈದು ಮೂವತ್ತು ಮಂದಿ ಕನ್ನಡದವರು ಸೇರಿದೆವು. ಯಾರೋ ಚಿತ್ರಾನ್ನ ತಂದಿದ್ದರು. ಸ್ಕೆಂದರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದರು: “ಆ ಪುಟ ಎಲ್ಲಿದೆ?”

ಕೇಳುತ್ತಾರೆಂದು ನನಗೆ ಗೊತ್ತಿತ್ತು. ಬೇರೊಂದು ಪುಟವನ್ನು ಮೊದಲೇ ಆರಿಸಿಟ್ಟುಕೊಂಡಿದ್ದೆ. ಸ್ಕೆಂದರ್ ಮತ್ತು ಲುವಾನ್, ಹತ್ತು ವರ್ಷದ ಇಬ್ಬರು, ಪಾದ್ರಿಯ ತೋಟದಲ್ಲಿ ಅಕ್ರೋಟು ಕದಿಯುವ ಪುಟ. ಉದ್ದ ಹೆಚ್ಚುಕಡಿಮೆ ಅಷ್ಟೇ. ಲುವಾನ್‌ನ ಹೆಸರು ಅಲ್ಲೂ ಮೂರು ಸಲ ಬರುತ್ತದೆ. ಅದನ್ನೂ ಎಣಿಸಿ ನೋಡಿದ್ದೆ.

“ಇಲ್ಲಿದೆ” ಎಂದೆ.

“ಇದನ್ನೇ ಓದು. ಇವರೆಲ್ಲರ ಮುಂದೆ.”

ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದೊಂದು ಸಲ ಹೆಸರು ಬಂದಾಗಲೂ ತಲೆ ತಗ್ಗುತ್ತಿತ್ತು. ಬೆರಳು ಎಲ್ಲಾದರೂ ನಿಂತಿತೋ, ಅಂದು ಅವರು ತಾಳ ಹಾಕುತ್ತಲೇ ಇರಲಿಲ್ಲವೋ — ಬೆರಳಿನ ಕಡೆ ನಾನು ನೋಡಲಿಲ್ಲ. ಓದು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಎದ್ದು ನಿಂತು, ತಮ್ಮ ಜನರ ರೂಢಿಯಂತೆ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡರು.

ಪಕ್ಕದ ಊರು ಲಫ್‌ಬರೋದಲ್ಲಿ ಓದುತ್ತಿದ್ದ ಮೈಸೂರಿನ ಹುಡುಗಿಯೊಬ್ಬಳು ಹತ್ತಿರ ಬಂದಳು. ಅವರು ಅವಳನ್ನು ಕೇಳಿದರು: “ನಿನಗೆ ನನ್ನ ಮೇಲೆ ಸಿಟ್ಟು ಬರಲಿಲ್ಲವೇ?”

“ಸಿಟ್ಟಾ? ಯಾಕೆ ಸರ್? ನಂಗೆ ಅಳುನೇ ಬಂತು” ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಜ್ಜ ಎಷ್ಟು ಸ್ವೀಟ್ ಅಲ್ವಾ ಮೇಡಂ! ಅಕ್ರೋಟು ಕದ್ದಿದ್ದಕ್ಕೆ ಯಾರಾದ್ರೂ ಸಿಟ್ಟಾಗ್ತಾರಾ?” ಎಂದಳು.

“ಏನಂದಳು?” ಎಂದರು ಸ್ಕೆಂದರ್.

“ಅರ್ಥವಾಯಿತು ಅಂದಳು.”

ಟ್ರಾಮಿನಲ್ಲಿ ಒಟ್ಟಿಗೆ ವಾಪಸಾದೆವು. ಇಳಿಯುವ ಮುನ್ನ ಅವರು ಅಂದರು: “ಯಾರೂ ಎದ್ದು ಹೋಗಲಿಲ್ಲ.”

ಮುಂದಿನ ಚಳಿಗಾಲ ದಾಟುವುದರೊಳಗೆ ಅವರು ತೀರಿಕೊಂಡರು. ನೆಮ್ಮದಿಯಿಂದ ಹೋದರು ಎಂದು ಅನೇಕರು ಅಂದರು. ಆ ನೆಮ್ಮದಿ ಎಲ್ಲಿಂದ ಬಂತೆಂದು ನನ್ನೊಬ್ಬಳಿಗೇ ಗೊತ್ತು. ಅದನ್ನು ಒಳ್ಳೆಯದಾಯಿತು ಎಂದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆಗುವುದಿಲ್ಲ. ಅವರು ಬೇಡಿದ್ದು ನೆಮ್ಮದಿಯನ್ನಲ್ಲ, ಸರಿಯಾಗಿ ಓದುವವರನ್ನು.

ಆ ಪುಟ ಇದು.

‘ಲುವಾನ್‌ನ ಹಸ್ತಪ್ರತಿ ನನ್ನ ಮೇಜಿಗೆ ಬಂತು. ಯಾರೂ ನನ್ನನ್ನು ಹೆದರಿಸಲಿಲ್ಲ. ಈ ಕವಿತೆಗಳಲ್ಲಿ ಬರುವ ಚಳಿಗಾಲ ಋತುವಲ್ಲ, ನಮ್ಮನ್ನು ಆಳುವವರು ಎಂದು ವರದಿ ಬರೆದೆ. ವಾಕ್ಯ ಚೆನ್ನಾಗಿ ಬಂದಿದೆ ಎಂದು ಖುಷಿಪಟ್ಟೆ. ಲುವಾನ್ ಎಂಟು ವರ್ಷ ತಾಮ್ರದ ಗಣಿಯಲ್ಲಿ ಕೈದಿಯಾಗಿ ದುಡಿದ. ಬಿಡುಗಡೆಯಾದ ಮೇಲೆ ಭಾನುವಾರಗಳಂದು ಕಾಫಿಗೆ ನನ್ನ ಮನೆಗೇ ಬರುತ್ತಿದ್ದ. ವರದಿ ಯಾರದೆಂದು ಒಮ್ಮೆಯೂ ಕೇಳಲಿಲ್ಲ. ನಾನು ಹೇಳಲಿಲ್ಲ. ಲುವಾನ್ ಸತ್ತ ದಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೇ ಮೊದಲಿಗ.’

ಮುಂದಿನ ಮುದ್ರಣದಲ್ಲಿ ಇದನ್ನು ಸೇರಿಸಿ, ಸೆರೆವಾಸದ ಸಾಲನ್ನು ತೆಗೆಯಿರೆಂದು ಪ್ರಕಾಶಕರಿಗೆ ಬರೆದಿದ್ದೇನೆ. ಸ್ಕೆಂದರ್ ಅವರ ಕೈಬರಹದ ಹಾಳೆ ನನ್ನ ಬಳಿ ಇದೆ, ಅದನ್ನೂ ಕಳಿಸುತ್ತೇನೆ. ಆ ಸಂಜೆ ಕೋಣೆಯಲ್ಲಿದ್ದವರು ಇದನ್ನು ಓದುತ್ತಿದ್ದರೆ — ಅಂದು ನೀವು ಕೇಳಬೇಕಿದ್ದದ್ದು ಇದು. ಎದ್ದು ಹೋಗುವುದಿದ್ದರೆ ಈಗ ಹೋಗಬಹುದು. ಅವರನ್ನು ಬಿಟ್ಟು, ನನ್ನನ್ನೂ ಬಿಟ್ಟು.