ಆಯುಧಪೂಜೆಯ ದಿನ ಕಪ್ಪಾದ ಪರದೆ

ವಿಡಿಯೊ ಗೇಮುಗಳ ಬಗೆಗಿನ ಒಂದು ಕಾರ್ಟೂನ್ ಸಿನಿಮಾ ನೋಡಿ ಜನ ಬರೆದದ್ದನ್ನು ಬೆಳಗಿನಿಂದ ಓದುತ್ತಿದ್ದೇನೆ. ನಕ್ಕೆವು, ಅತ್ತೆವು, ಮಕ್ಕಳಿಗೆ ಇಷ್ಟವಾಯಿತು ಎಂದೇ ಹೆಚ್ಚಿನವರು ಬರೆದಿದ್ದಾರೆ. ಒಬ್ಬ ತಾಯಿ ಮಾತ್ರ, 'ಗೇಮಿನ ಪ್ಲಗ್ ಕೀಳುವ ದೃಶ್ಯದಲ್ಲಿ ನನ್ನ ಮಗಳು ಕಿರುಚಿ ಕಣ್ಣು ಮುಚ್ಚಿಕೊಂಡಳು' ಎಂದಿದ್ದರು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಾನು ಚಿಕ್ಕವಳಿದ್ದಾಗ ಮಧುಗಿರಿಯಲ್ಲಿ ನಮ್ಮ ಮಾಮ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದರು. ಒಂದು ಮಿಷನ್ನಿನಲ್ಲಿ ಗೋಡೆ ಹಾರುವ ಪುಟ್ಟ ಮನುಷ್ಯನಿದ್ದ. ಯಾರೊಂದಿಗೂ ಮಾತಾಡದ ನಾನು ಅವನೊಂದಿಗೆ ಮಾತಾಡುತ್ತಿದ್ದೆ. ಒಂದು ಸಂಜೆ ಅವನನ್ನು ಮೂರು ಸಲ ಹಳ್ಳಕ್ಕೆ ಬೀಳಿಸಿ ಮನೆಗೆ ಹೋದೆ. ಮಾರನೆಯ ದಿನ ಆಯುಧಪೂಜೆ. ಬಂದು ನೋಡಿದರೆ ಪರದೆ ಕಪ್ಪಗಿತ್ತು, ಅದರ ಮೇಲೆ ಮೂರು ಪಟ್ಟೆ ವಿಭೂತಿ. ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ ಬಿದ್ದಿತ್ತು, ನೆಲವೆಲ್ಲ ಕೆಂಪು. ಅವನು ಸತ್ತ, ಸಾಯಿಸಿದವಳು ನಾನೇ ಎಂದು ಬಾಗಿಲಲ್ಲೇ ನಿಂತು ಅಳತೊಡಗಿದೆ.

"ಸತ್ತಿಲ್ಲ ಕಣಮ್ಮ, ಇವತ್ತು ಅವನ್ಗೂ ರಜ" ಎಂದು ಮಾಮ ನಕ್ಕರು. ನನ್ನ ಅಳು ನಿಲ್ಲದ್ದನ್ನು ಕಂಡು ಸ್ವಿಚ್ಚಿಗೆ ಕೈ ಹಾಕಿದರು.

"ಪೂಜೆ ಮಾಡಿರೋ ಮಿಷನ್ನು, ಇವತ್ತು ಮುಟ್ಬೇಡ ಕಣ್ಲಾ!" ಪೂಜೆಗೆ ಬಂದಿದ್ದ ಅಜ್ಜಿ ಗದರಿತು.

"ಬುಡವ್ವ, ಮಗು ಎದ್ರುಕೊಂಡೈತೆ."

ಪರದೆ ಬೆಳಗಿತು. ಪುಟ್ಟ ಮನುಷ್ಯ ಮೊದಲ ಗೋಡೆಯ ಹತ್ತಿರ ನಿಂತಿದ್ದ.

"ನೋಡು, ಬಂದ!" ಎಂದರು ಮಾಮ.

ನಾನು ಹತ್ತಿರ ಹೋಗಿ ಮೆಲ್ಲಗೆ ಕರೆದೆ. ನನ್ನನ್ನು ಯಾವತ್ತೂ ಕಂಡೇ ಇಲ್ಲದವನಂತೆ ಅವನು ಸುಮ್ಮನೆ ನಿಂತೇ ಇದ್ದ.

"ಮಾಮ, ಇವ್ನು ಬೇರೆಯವ್ನು" ಎಂದೆ. ಈ ಸಲ ಮಾಮ ನಗಲಿಲ್ಲ.

ಆ ಸಿನಿಮಾವನ್ನು ನಾನಿನ್ನೂ ನೋಡಿಲ್ಲ. ನೋಡಿಬಂದವರು ಬರೆದದ್ದನ್ನಷ್ಟೇ ಓದುತ್ತಿದ್ದೇನೆ.