ಬೊಟ್ಟು ಮಾಡುವುದೋ, ಮೆಲ್ಲಗೆ ಸೂಚಿಸುವುದೋ

ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕುಳಿತು ಕನ್ನಡದಲ್ಲಿಯೇ ಆಕಳಿಸುವ ಸಕಲಗುಣಸಂಪನ್ನ ಮಿತ್ರವೃಂದವೇ, ಚಿತ್ತೈಸಬೇಕು.

ಇಂದು ಬೆಳಿಗ್ಗೆ ನಮ್ಮ ಕಾಸರಗೋಡಿನ ಗಣೇಶ ಬೆವರುತ್ತ ನನ್ನ ಮೇಜಿನ ಬಳಿ ಬಂದ. ನಮ್ಮ ಸ್ಪೇನ್ ಕಚೇರಿಯ ಪಿಲಾರ್ ಮೇಡಂ ಕಳಿಸಿದ ಹಡಗುಗಳ ಪಟ್ಟಿಯಲ್ಲಿ ಒಂದು ತಾರೀಖು ತಪ್ಪಿತ್ತು. ಮುಂದಿನ ತಿಂಗಳು ಇವನನ್ನು ಸ್ಪೇನಿಗೆ ಕರೆಸಿಕೊಳ್ಳಬೇಕಾದವರೂ ಅವರೇ.

“ಅವರ ಭಾಷೆಯಲ್ಲೇ ಹೇಳ್ಬೇಕು ಮಾರಾಯ, ಬೇಸರ ಆಗ್ಬಾರ್ದು. ಹತ್ತು ದಿನ ಸ್ಪ್ಯಾನಿಷ್ ಕ್ಲಾಸಿಗೆ ಹೋದವ ನೀನೊಬ್ಬನೇ.”

ನಾನು ಕಣ್ಣು ಮುಚ್ಚಿ ತೀರ್ಪಿತ್ತೆ. “‘ಸೆನ್ಯಲಾರ್’ ಅಂದ್ರೆ ಬೊಟ್ಟು ಮಾಡಿ ತೋರಿಸುವುದು, ಒರಟಾಯ್ತು. ‘ಇನ್ಸಿನುವಾರ್’ ಅಂದ್ರೆ ಮೆಲ್ಲಗೆ ಸೂಚಿಸುವುದು. ಮುಂದೆ ಒಂದು ‘ಮೆ’ ಸೇರಿಸುವ, ವಿನಯ ಬರ್ತದೆ.” ನಾನೇ ಟೈಪ್ ಮಾಡಿ ಅವನ ಹೆಸರಲ್ಲಿ ಕಳಿಸಿಯೂ ಬಿಟ್ಟೆ.

‘ಮೆ’ ಸೇರಿದರೆ ‘ನಿಮ್ಮ ಮೇಲೆ ನನಗೆ ಮನಸ್ಸಾಗಿದೆ’ ಎಂದು ಸೂಚಿಸಿದಂತೆ ಎಂಬುದು ಮಧ್ಯಾಹ್ನ ಇಂಗ್ಲಿಷಿನಲ್ಲಿ ಉತ್ತರ ಬಂದಾಗಲೇ ತಿಳಿದದ್ದು: “ತಾರೀಖು ಸರಿಪಡಿಸಿದೆ ಗಣೇಶ್. ಆದರೆ ನನಗೆ ಮದುವೆಯಾಗಿದೆ. ಮುಂದಿನ ತಿಂಗಳು ಖಂಡಿತ ಬನ್ನಿ, ನನ್ನ ಗಂಡನನ್ನು ತೋರಿಸುತ್ತೇನೆ.”

ಗಣೇಶ ಅದನ್ನು ಮೂರು ಸಲ ಓದಿದ. “ತೋರಿಸ್ತೇನೆ ಅಂದ್ರೆ ಯಾವ ತೋರಿಸುವುದು ಮಾರಾಯ?”

ಮಹಾಜನರಲ್ಲಿ ಒಂದು ನಿವೇದನೆ: ‘ಸೆನ್ಯಲಾರ್’ ಒರಟೇನೂ ಅಲ್ಲ. ಸ್ಪ್ಯಾನಿಷಿನಲ್ಲಿ ಬರೆಯುವಾಗ ಅದರ ನಡುವಿನ ‘n’ ಅಕ್ಷರಕ್ಕೆ ತಲೆಯ ಮೇಲೊಂದು ಬಾಲವಿದೆ. ಅದು ನನ್ನ ಕೀಬೋರ್ಡಿನಲ್ಲಿ ಸಿಗಲಿಲ್ಲ.