ಹಳ್ಳಕ್ಕೆ ಸುರಿದ ತೊಗರಿ ಹೊಟ್ಟು

ನಮ್ಮ ಭಂಕೂರಿನ ಕಡೆ ನೆಲ ಸಪಾಟಾಗಿ ಕಾಣುತ್ತದೆ. ನಾನು ಅದನ್ನು ನಂಬುವುದಿಲ್ಲ. ಚಿಂಚೋಳಿ, ಸೇಡಂ ಕಡೆಯ ನೀರೆಲ್ಲ ಕಾಗಿಣಾ ಹಿಡಿದು ಭೀಮೆಗೆ ಹೋಗುತ್ತದೆಂದರೆ ನೆಲ ಎಲ್ಲೋ ವಾಲಿರಲೇಬೇಕು. ಮೇಲೆ ಎರೆಮಣ್ಣು, ಕೆಳಗೆ ಪದರು ಪದರಾಗಿ ಫರ್ಸಿ ಕಲ್ಲು. ಬಿದ್ದ ಮಳೆ ಯಾವ ಸಂದಿನಿಂದ ಯಾರ ಹೊಲಕ್ಕೆ ನುಸುಳುತ್ತದೋ ಹೇಳಲಾಗದು. ಹೀಗಾಗಿ ಇಲ್ಲಿ ನೀರಿನ ಮೇಲೂ ಗುಮಾನಿ, ಮನುಷ್ಯರ ಮೇಲೂ ಗುಮಾನಿ. ನನ್ನಲ್ಲಿ ಅದು ಒಂದು ಕೈ ಹೆಚ್ಚು.

ಹೋದ ಮಳೆಗಾಲದಲ್ಲಿ ಒಳ್ಳೆಯ ಮಳೆಯಾದರೂ ನಮ್ಮ ಹೊಲದ ಬಾವಿ ತುಂಬಲಿಲ್ಲ. ಎರಡು ಎಮ್ಮೆಗಳಿಗೆ ಆ ಬಾವಿಯೇ ಗತಿ. ಬೇಸಿಗೆಗೆ ಅವನ್ನು ಮಾರಬೇಕಾಯಿತು. ಹೆಂಡತಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನ್ನ ಕಣ್ಣು ನೆಟ್ಟಗೆ ಕಾಕಾನ ಮೇಲೆ ಬಿತ್ತು. ಕಾಕಾ ಎಂದರೆ ಅಪ್ಪನ ತಮ್ಮ. ಬಾವಿಗೆ ನೀರು ತರುವ ಹಳ್ಳ ಅವರ ಹೊಲ ದಾಟಿಯೇ ನಮ್ಮಲ್ಲಿಗೆ ಬರಬೇಕು. ಅದೇ ವರ್ಷ ಅವರು ಹಳ್ಳಕ್ಕೆ ಅಡ್ಡ ಒಡ್ಡು ಹಾಕಿದ್ದರು. ಇನ್ನೇನು ಸಾಕ್ಷಿ ಬೇಕು? ಮಾತು ಬಿಟ್ಟೆ. ಅವರ ಬಸುರಿ ಮಗಳ ಕುಬಸಕ್ಕೂ ಹೋಗಲಿಲ್ಲ. ಅವರು ಎದುರು ಬಂದು ನಕ್ಕರೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಹಳ್ಳ ಬಂದ ಮರುದಿನ ಒಂದು ಚೀಲ ತೊಗರಿ ಹೊಟ್ಟು ಹೊತ್ತುಕೊಂಡು ಹೋಗಿ ಕಾಕಾನನ್ನು ಕರೆದೆ. ಅವರ ಎದುರಿಗೇ ಒಡ್ಡಿನ ಮೇಲ್ಗಡೆ ಹರಿಯುವ ನೀರಿಗೆ ಸುರಿದೆ.

“ಎಲ್ಲಿ ನಿಂದರ್ತದ ನೀವೇ ನೋಡ್ರಿ,” ಎಂದೆ.

“ನೋಡೂಣ ನಡಿ ತಮ್ಮಾ.”

ಹೊಟ್ಟು ಒಡ್ಡಿನ ಹತ್ತಿರ ಸ್ವಲ್ಪ ತಡವರಿಸಿ, ಪಕ್ಕದ ಕೋಡಿಯಿಂದ ಜಾರಿ ನಮ್ಮ ಹೊಲಕ್ಕೇ ಬಂತು. ಆಗಲೂ ನನಗೆ ಸಮಾಧಾನವಿಲ್ಲ. ಇದರಲ್ಲೇನೋ ಕರಾಮತ್ತಿದೆ ಎಂದುಕೊಂಡೆ. ಬಾವಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗ ಹೊಟ್ಟು ಗಿರ್ರನೆ ತಿರುಗಿ, ಜಾಲಿ ಪೊದೆಯ ಮರೆಯಲ್ಲಿದ್ದ ಗುಂಡಿಯೊಳಗೆ ಇಳಿದುಹೋಯಿತು. ನೀರೂ ಅದರ ಹಿಂದೆಯೇ ಇಳಿಯುತ್ತಿತ್ತು.

ಆ ಗುಂಡಿ ತೋಡಿಸಿದವನು ನಾನು. ಹೋದ ವರ್ಷದ ಬೇಸಿಗೆಯಲ್ಲಿ, ಮಳೆಗೆ ಮೊದಲು, ಪಡಸಾಲೆಗೆ ಹಾಸಲೆಂದು ಹಳ್ಳದ ತಳದ ಫರ್ಸಿ ಎಬ್ಬಿಸಿಕೊಂಡಿದ್ದೆ. ಕಾಲಡಿಯಲ್ಲೇ ಕಲ್ಲಿರುವಾಗ ಶಹಾಬಾದಿನಿಂದ ಯಾಕೆ ತರಬೇಕು ಎಂಬ ಜಾಣತನ.

“ನಿಮಗ ಗೊತ್ತಿತ್ತೇನ್ರಿ ಕಾಕಾ?” ಎಂದೆ.

“ಅವತ್ತೇ ಹೇಳಿದ್ನಲ್ಲ, ಎಬ್ಬಸಬ್ಯಾಡ, ಕೆಳಗ ಭಾಳ ಪೊಳ್ಳ ಅದ ಅಂತ. ಆ ಕಲ್ಲು ನನಗ ಬೇಕಾಗ್ಯಾವ, ಅದಕ್ಕ ಹೇಳಾಕತ್ತಾನ ಅಂತ ತಿಳಕೊಂಡಿ ನೀ.”

ಹೌದು. ಹಾಗೆ ತಿಳಿದುಕೊಂಡೇ, ಅವರು ಅತ್ತ ಹೋದ ಮೇಲೆ ಇನ್ನೂ ಎರಡು ಪದರು ಎಬ್ಬಿಸಿದ್ದೆ.